ಮನೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ: ಕೊಡಗಿನ ಮನೆಗಳ ಹಿನ್ನೆಲೆಯಲ್ಲಿ

ಮನೆಯೊಳಗಿನ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲ ಅಪಾಯದ ಮಟ್ಟಕ್ಕೆ ಏರಿದಾಗ ಗಟ್ಟಿಯಾಗಿ ಕೂಗಿ ಎಚ್ಚರಿಸುವ ಪುಟ್ಟ ಸಾಧನ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅಂಗೈಯಗಲದ ಬಿಳಿ ಡಬ್ಬಿ. ಹೆಚ್ಚಿನವು ಬ್ಯಾಟರಿಯಿಂದ ನಡೆಯುತ್ತವೆ. ಗೋಡೆಗೆ ಸಿಕ್ಕಿಸಬಹುದು, ಮಂಚದ ಪಕ್ಕದ ಮೇಜಿನ ಮೇಲೂ ಇಡಬಹುದು. ಅಮೆರಿಕಕ್ಕೋ ಇಂಗ್ಲೆಂಡಿಗೋ ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಿಯರು ಇದನ್ನು ನೋಡಿರುತ್ತಾರೆ. ಕರ್ನಾಟಕದ ಮನೆಗಳಲ್ಲಿ ಮಾತ್ರ ಇನ್ನೂ ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಸುರಿಯುವ, ಅದು ಮುಗಿದ ಮೇಲೆ ಚಳಿ ಹಿಡಿಯುವ, ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಕೊಡಗಿನಲ್ಲಿ ಬಿಸಿನೀರಿಗೂ ಬೆಚ್ಚನೆಯ ಕೋಣೆಗೂ ಜನ ಬೆಂಕಿಯನ್ನೇ ನಂಬಿದ್ದಾರೆ. ಬೆಂಕಿ ಮನೆಯೊಳಗೆ ಇರುವಲ್ಲೆಲ್ಲ ಈ ಅನಿಲವೂ ಇರುವ ಸಾಧ್ಯತೆ ಇದೆ.

ಅನಿಲದ ಸ್ವಭಾವ

ಕಟ್ಟಿಗೆ, ಇದ್ದಿಲು, ಸೀಮೆಎಣ್ಣೆ, ಡೀಸೆಲ್, ಅಡುಗೆ ಅನಿಲ, ಹೀಗೆ ಇಂಗಾಲವಿರುವ ಯಾವ ಉರುವಲೇ ಆಗಲಿ, ಸಾಕಷ್ಟು ಗಾಳಿ ಸಿಕ್ಕಿ ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ತೂಕದಲ್ಲಿ ಗಾಳಿಗಿಂತ ತುಸು ಹಗುರ, ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ನೆಲದಲ್ಲಿ ತಂಗದೆ, ಸೂರಿಗೂ ಅಂಟದೆ, ಕೋಣೆಯ ಗಾಳಿಯಲ್ಲಿ ಪೂರ್ತಿ ಬೆರೆತುಬಿಡುತ್ತದೆ.

ಉಸಿರಿನೊಂದಿಗೆ ಒಳಹೋದ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತು ಸುಲಭಕ್ಕೆ ಏಳುವುದಿಲ್ಲ. ಉಸಿರಾಟ ಸರಾಗವಾಗಿಯೇ ನಡೆಯುತ್ತಿರುತ್ತದೆ, ಮೈ ಮಾತ್ರ ಒಳಗಿನಿಂದ ಉಸಿರುಗಟ್ಟುತ್ತದೆ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ, ಕೈಕಾಲು ಸೋಲುವುದು. ಆಮೇಲೆ ಮಂಕು, ಪ್ರಜ್ಞೆ ತಪ್ಪುವುದು. ಗಾಳಿಯ 10 ಲಕ್ಷ ಭಾಗದಲ್ಲಿ 200 ಭಾಗ ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಬರುತ್ತದೆ. 1,600 ಭಾಗ ಇದ್ದರೆ ಸುಮಾರು ಒಂದು ಗಂಟೆಯಲ್ಲಿ ಪ್ರಾಣ ಹೋಗಬಹುದು. 12,800ಕ್ಕೆ ಏರಿದರೆ ಕೆಲವೇ ನಿಮಿಷ ಸಾಕು. ಗರ್ಭದಲ್ಲಿರುವ ಕೂಸು, ಎಳೆಮಕ್ಕಳು, ಹೃದ್ರೋಗಿಗಳು ಬೇಗ ಸೋಲುತ್ತಾರೆ.

ಇದರಲ್ಲಿ ಅತ್ಯಂತ ಕ್ರೂರವಾದದ್ದು ಆ ಮಂಕು. ಅಪಾಯ ಇದೆಯೆಂದು ತಿಳಿಯಬೇಕಾದ ಬುದ್ಧಿಯೇ ಮೊದಲು ಮಸುಕಾಗುತ್ತದೆ. ತಲೆ ಸುತ್ತುತ್ತಿದೆ ಎಂದು ಅರಿತವರೂ ಎದ್ದು ಬಾಗಿಲ ಚಿಲಕ ತೆಗೆಯಲಾರದೆ ಅಲ್ಲೇ ಕುಸಿದಿದ್ದಾರೆ. ನಿದ್ದೆಯಲ್ಲಿರುವವರಿಗಂತೂ ಎಚ್ಚರವೇ ಆಗುವುದಿಲ್ಲ. ಅಲಾರಂ ಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಹಂಚಿನ ಮನೆಯಿಂದ ತಾರಸಿ ಮನೆಗೆ

ಕೊಡಗಿನ ಹಳೆಯ ಮನೆಗಳಲ್ಲಿ ಬೆಂಕಿ ಇರಲಿಲ್ಲವೇ? ಈಗಿನದಕ್ಕಿಂತ ಹೆಚ್ಚೇ ಇತ್ತು. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಡುಗೆಮನೆಯಲ್ಲಿ ಸೌದೆ ಒಲೆ ಬೆಳಗಿನಿಂದ ರಾತ್ರಿವರೆಗೆ ಆರುತ್ತಿರಲಿಲ್ಲ. ಒಲೆಯ ಮೇಲಿನ ಹೊಗೆಯಲ್ಲೇ ಮಳೆಗಾಲಕ್ಕೆಂದು ಹಂದಿಮಾಂಸ ಒಣಗುತ್ತಿತ್ತು. ಸ್ನಾನದ ಮನೆ ಮುಖ್ಯಮನೆಯಿಂದ ಬೇರೆಯಾಗಿ ಹಿಂದುಗಡೆ ಇರುತ್ತಿತ್ತು. ಅಲ್ಲಿ ದೊಡ್ಡ ತಾಮ್ರದ ಹಂಡೆ, ಅದರಡಿ ಒಲೆ, ಒಲೆಯ ಬಾಯಿ ಬಹಳ ಕಡೆ ಹೊರಗೆ. ಮಂಗಳೂರು ಹಂಚಿನ ಸಂದುಗಳಿಂದ, ಮರದ ಜಾಲರಿಯಿಂದ, ಸರಿಯಾಗಿ ಮುಚ್ಚಿಕೊಳ್ಳದ ಬಾಗಿಲಿಂದ ಮನೆ ಸದಾ ಉಸಿರಾಡುತ್ತಿತ್ತು. ಬೆಳಿಗ್ಗೆ ದೂರದಿಂದ ನೋಡಿದರೆ ಹಂಚಿನ ಮಾಡಿನುದ್ದಕ್ಕೂ ಹೊಗೆ ಮೇಲೇಳುವುದು ಕಾಣುತ್ತಿತ್ತು. ಆ ಮನೆಯಲ್ಲಿ ಗಾಳಿ ಹೊರಹೋಗುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಅಡುಗೆಮನೆಯ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಹಾಳುಮಾಡಿತು ನಿಜ, ಅದನ್ನು ಹೊಗಳುವಂತಿಲ್ಲ. ಆದರೆ ಹೊಗೆ ಕಣ್ಣುರಿಸಿ, ಕೆಮ್ಮಿಸಿ, ಜನರನ್ನು ಹೊರಗಟ್ಟುತ್ತಿತ್ತು. ಒಂದು ರೀತಿಯಲ್ಲಿ ಅದೇ ಅಲಾರಂ ಆಗಿತ್ತು.

ಈಗ ಆಗಿರುವ ಬದಲಾವಣೆ ಎರಡು ಬಗೆಯದು. ಹಂಚು ಹೋಗಿ ಕಾಂಕ್ರೀಟ್ ತಾರಸಿ ಬಂತು. ಮರದ ಕಿಟಕಿ ಹೋಗಿ ರಬ್ಬರ್ ಪಟ್ಟಿಯ ಅಲ್ಯೂಮಿನಿಯಂ ಕಿಟಕಿ ಬಂತು. ಸ್ನಾನದ ಮನೆ ಮಲಗುವ ಕೋಣೆಗೇ ಅಂಟಿಕೊಂಡಿತು. ಮನೆಯ ಉಸಿರಾಟ ಕಡಿಮೆಯಾಯಿತು. ಅದೇ ಹೊತ್ತಿಗೆ ಹೊಗೆಯಿಲ್ಲದೆ ಉರಿಯುವ ಅಡುಗೆ ಅನಿಲ ಬಂತು. ಹೊಗೆ ಕಾಣದಿದ್ದರೆ ಅಪಾಯ ಇಲ್ಲ ಎಂದು ನಮ್ಮ ಕಣ್ಣು ಮೂಗುಗಳು ತಲೆಮಾರುಗಳಿಂದ ಕಲಿತಿವೆ. ಆ ಪಾಠ ಇಲ್ಲಿ ನಡೆಯುವುದಿಲ್ಲ.

ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ಮಾಸದ ಮಳೆಯಲ್ಲಿ ಇದೆಲ್ಲ ಇನ್ನೂ ಬಿಗಿಯಾಗುತ್ತದೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಹಳ್ಳಿಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ವಿದ್ಯುತ್ ಗೀಸರ್ ನಂಬಲಾಗದ್ದರಿಂದ ಗ್ಯಾಸ್ ಗೀಸರ್ ಬರುತ್ತದೆ. ಜನರೇಟರ್ ನೆನೆಯಬಾರದೆಂದು ಅದನ್ನು ಕಾರ್ ಶೆಡ್ಡಿಗೋ ಹಿಂದಿನ ವರಾಂಡಕ್ಕೋ ತರುತ್ತಾರೆ. ಅದರ ಹೊಗೆ ಕಿಟಕಿಯ ಸಂದಿಯಿಂದ ಕೋಣೆಗೆ ಸೇರುತ್ತದೆ. ಇರಚಲು ನುಗ್ಗದಂತೆ ಇದ್ದಬದ್ದ ಕಿಂಡಿಗಳೆಲ್ಲ ಮುಚ್ಚುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಒದ್ದೆ ಬಟ್ಟೆ ಒಣಗಿಸಲು, ಮೈ ಕಾಯಿಸಲು ಒಂದೇ ಕೋಣೆಯಲ್ಲಿ ಬೆಂಕಿ ಇಟ್ಟು ಅಲ್ಲೇ ಮಲಗುವವರಿದ್ದಾರೆ. ಬ್ರಿಟಿಷರ ಕಾಲದ ತೋಟದ ಬಂಗಲೆಗಳ ಬೆಂಕಿಗೂಡುಗಳ ಕತೆ ಬೇರೆ: ವರ್ಷವಿಡೀ ಉರಿಸದ ಹೊಗೆನಾಳದಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ, ಡಿಸೆಂಬರಿನಲ್ಲಿ ಅತಿಥಿಗಳಿಗೆಂದು ಮೊದಲ ಬಾರಿ ಹೊತ್ತಿಸಿದ ಬೆಂಕಿಯ ಅನಿಲ ಮೇಲೆ ಹೋಗದೆ ಕೋಣೆಗೇ ತಿರುಗುತ್ತದೆ.

'ಸೋರಿಕೆ' ಎಂಬ ತಪ್ಪು ಮಾತು

2020ರ ಅಕ್ಟೋಬರಿನಲ್ಲಿ ಮುಂಬೈಯಿಂದ ಕೊಡಗು ನೋಡಲು ಬಂದಿದ್ದ ಯುವತಿಯೊಬ್ಬರು ಮಡಿಕೇರಿಯ ಹೋಂಸ್ಟೇಯೊಂದರ ಸ್ನಾನಗೃಹದಲ್ಲಿ ಸತ್ತರು. ಗ್ಯಾಸ್ ಗೀಸರ್‌ನ ಅನಿಲವೇ ಕಾರಣವೆಂದು ವರದಿಯಾಯಿತು. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಜೋಡಿಯೊಂದು ಹೀಗೆಯೇ ತೀರಿಕೊಂಡಿತು. 2025ರ ಅಕ್ಟೋಬರಿನಲ್ಲಿ, ಕುಶಾಲನಗರದಿಂದ ಮೈಸೂರಿಗೆ ಹೋಗುವ ದಾರಿಯ ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿ ಇಬ್ಬರೂ ಸ್ನಾನಗೃಹದಲ್ಲಿ ಜೀವ ಬಿಟ್ಟರು. ಇಂಥ ಸುದ್ದಿಗಳಿಗೆ ಹೆಚ್ಚಾಗಿ ಕೊಡುವ ತಲೆಬರಹ 'ಗ್ಯಾಸ್ ಗೀಸರ್ ಸೋರಿಕೆ'.

ಆ ಪದ ಓದುಗರನ್ನು ದಾರಿ ತಪ್ಪಿಸುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ಬಡಿಯುತ್ತದೆ. ಹಾಗೆ ಬಡಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಗಬ್ಬುವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಸ್ನಾನಗೃಹದಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಸೋರಿದ ಅನಿಲವಲ್ಲ, ಉರಿದ ಅನಿಲ. ಪೈಪು, ರೆಗ್ಯುಲೇಟರ್, ಗೀಸರ್ ಎಲ್ಲ ಸರಿಯಾಗಿದ್ದು, ಎಲ್ಲೂ ಒಂದು ಹನಿ ಸೋರದೆ ಇದ್ದಾಗಲೂ ಇದು ನಡೆಯುತ್ತದೆ. 'ಸೋರಿಕೆ' ಎಂದು ಓದಿದವರು ಅಂಗಡಿಗೆ ಹೋಗಿ 'ಗ್ಯಾಸ್ ಲೀಕ್ ಡಿಟೆಕ್ಟರ್' ತಂದು ಹಾಕಿ ನಿಶ್ಚಿಂತರಾಗುತ್ತಾರೆ. ಆ ಯಂತ್ರ ಅಡುಗೆ ಅನಿಲವನ್ನು ಹಿಡಿಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನಲ್ಲ. ಹೊಗೆ ಹಿಡಿಯುವ ಅಲಾರಂ ಮೂರನೆಯ ಬಗೆ. ಅದೂ ಇದಕ್ಕೆ ಬದಲಿಯಲ್ಲ.

ಸ್ನಾನಗೃಹದಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಗಂಟೆಗೆ ಸುಮಾರು 1 ಕಿಲೋ ಅಡುಗೆ ಅನಿಲ ಉರಿಸುತ್ತದೆ. ಅಷ್ಟು ಅನಿಲ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಸ್ನಾನಗೃಹದಲ್ಲಿ ಇರುವ ಗಾಳಿಯೇ 8 ಘನ ಮೀಟರ್. ಅಂದರೆ ಬಾಗಿಲು ಕಿಟಕಿ ಮುಚ್ಚಿ ಹತ್ತು ನಿಮಿಷ ಬಿಸಿನೀರು ಬಿಟ್ಟರೆ ಕೋಣೆಯ ಗಾಳಿಯ ಕಾಲು ಭಾಗಕ್ಕೂ ಹೆಚ್ಚಿನದನ್ನು ಜ್ವಾಲೆಯೇ ತಿಂದಿರುತ್ತದೆ. ಉರಿದು ಬಂದ ಗಾಳಿ ಹೊರಹೋಗದೆ ಮತ್ತೆ ಅದೇ ಜ್ವಾಲೆಗೆ ಸೇರುತ್ತದೆ. ಆಮ್ಲಜನಕ ಇಳಿದಂತೆ ಜ್ವಾಲೆ ಅರೆಬರೆ ಉರಿದು ವಿಷ ಏರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಎರಡನೆಯವರಿಗೆ ಅಪಾಯ ಹೆಚ್ಚು. ಚಳಿಗಾಳಿ ಬರುತ್ತದೆಂದು ಎಕ್ಸಾಸ್ಟ್ ಫ್ಯಾನಿನ ಕಿಂಡಿಗೆ ರಟ್ಟು ಸಿಕ್ಕಿಸಿದ ಸ್ನಾನಗೃಹಗಳು ನಮ್ಮಲ್ಲಿ ಎಷ್ಟಿಲ್ಲ!

ಸಾಯದೆ ಉಳಿದವರ ಕತೆಯೂ ಇದೆ. ಸ್ನಾನಕ್ಕೆ ಹೋದವರು ಬಿದ್ದು, ಫಿಟ್ಸ್ ಬಂದಂತೆ ನಡುಗಿ, ಆಸ್ಪತ್ರೆಯಲ್ಲಿ ಅಪಸ್ಮಾರವೆಂದು ಮಾತ್ರೆ ಪಡೆದ ಪ್ರಸಂಗಗಳನ್ನು ಭಾರತದ ನರರೋಗ ತಜ್ಞರು ದಾಖಲಿಸಿದ್ದಾರೆ. ವೈದ್ಯಕೀಯ ಬರಹಗಳಲ್ಲಿ ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂಬ ಹೆಸರೇ ಬಂದಿದೆ.

ಕೆಂಡದ ಕೋಣೆ

ಗೀಸರ್‌ಗಿಂತ ಹಳೆಯ ಅಪಾಯ ಕೆಂಡ. ಹೊಗೆ ಆಡುವುದು ನಿಂತು ಕೆಂಡ ನಿಗಿನಿಗಿ ಹೊಳೆಯತೊಡಗಿದ ಮೇಲೆ ಅಗ್ಗಿಷ್ಟಿಕೆಯನ್ನು ಒಳಗೆ ತರುವುದು ವಾಡಿಕೆ. 'ಹೊಗೆ ಹೋಯಿತು, ಇನ್ನು ತೊಂದರೆಯಿಲ್ಲ' ಎಂಬ ಭಾವನೆ. ನಿಜ ಇದಕ್ಕೆ ತಿರುಗುಮುರುಗು. ಕೆಂಡದ ರಾಶಿಯ ಅಡಿಯಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಕೆಂಪಗೆ ಕಾದ ಇಂಗಾಲದ ನಡುವೆ ಹಾಯುವಾಗ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಕೆಂಡ ಚೆನ್ನಾಗಿದ್ದಷ್ಟೂ ವಿಷ ಹೆಚ್ಚು. 1 ಕಿಲೋ ಇದ್ದಿಲು ಉರಿದಾಗ 100 ಗ್ರಾಂಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಹೊರಬರಬಹುದು. ಹನ್ನೆರಡಡಿ ಚೌಕದ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಆ 100 ಗ್ರಾಂ ಬೆರೆತರೆ 10 ಲಕ್ಷಕ್ಕೆ ಸುಮಾರು 2,000 ಭಾಗ. ಮೇಲೆ ಹೇಳಿದ, ಒಂದು ಗಂಟೆಯಲ್ಲಿ ಪ್ರಾಣ ತೆಗೆಯುವ ಮಟ್ಟವನ್ನು ಅದು ಮೀರಿರುತ್ತದೆ.

2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಇದ್ದಿಲು ಹೊತ್ತಿಸಿ ಕೋಣೆಯಲ್ಲಿ ಮಲಗಿದ ಮೂವರು ಯುವಕರು ಬೆಳಿಗ್ಗೆ ಏಳಲಿಲ್ಲ. 2024ರ ಆಗಸ್ಟಿನಲ್ಲಿ ಕೊಡೈಕನಾಲ್‌ನಲ್ಲಿ ಬಾರ್ಬೆಕ್ಯೂ ಮಾಡಿದ ಒಲೆಯನ್ನು ಕೋಣೆಯೊಳಗೆ ಬಿಟ್ಟು ಮಲಗಿದ ಇಬ್ಬರು ಪ್ರವಾಸಿಗಳು ತೀರಿಕೊಂಡರು. ಕೊಡಗಿನ ಹೋಂಸ್ಟೇಗಳಲ್ಲೂ ರಾತ್ರಿ ಕ್ಯಾಂಪ್‌ಫೈರ್, ಬಾರ್ಬೆಕ್ಯೂ ಮಾಮೂಲು. ಮಳೆ ಹನಿದರೆ ಒಲೆಯನ್ನು ವರಾಂಡಕ್ಕೆ, ವರಾಂಡದಿಂದ ಕೋಣೆಗೆ ಎಳೆಯುವ ಆಸೆ ಯಾರಿಗಾದರೂ ಬರಬಹುದು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟಿನಲ್ಲಿ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಾಕಿ ಬಾಗಿಲು ಕಿಟಕಿ ಮುಚ್ಚಿ ಮಲಗಿ ಸತ್ತರು. ಚಳಿಯ ಊರಿಗೆ ಬಂದ ಬಯಲುಸೀಮೆ, ಕರಾವಳಿಯ ಜನರಿಗೆ ಬೆಂಕಿಯ ಪಕ್ಕ ಮಲಗಿ ಅಭ್ಯಾಸವಿಲ್ಲ. ಎಲ್ಲಿ ಕಿಂಡಿ ತೆರೆದಿಡಬೇಕೆಂದು ಅವರಿಗೆ ಹೇಳಿಕೊಟ್ಟವರೂ ಇರುವುದಿಲ್ಲ.

ಬಾಣಂತಿ ಕೋಣೆಯ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ತಾಯಿ ಮಗುವನ್ನು ಬೆಚ್ಚಗಿಡಲೆಂದು ಮಂಚದಡಿ ಕೆಂಡ ಇಡುವ ಪದ್ಧತಿ ಕರ್ನಾಟಕದ ಹಲವೆಡೆ ಇದೆ. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಗಾಳಿ ಸೋಕದ ಕೋಣೆಯಲ್ಲಿ ಮಲಗಿರುವವರು ಈ ವಿಷಕ್ಕೆ ಎಲ್ಲರಿಗಿಂತ ಮೊದಲು ಬಲಿಯಾಗುವವರು.

ಅಲಾರಂ ಬೆಳೆದು ಬಂದ ಬಗೆ

ಈ ಅನಿಲ ರಕ್ತಕ್ಕೆ ಅಂಟಿಕೊಳ್ಳುತ್ತದೆಂದು 1850ರ ದಶಕದಲ್ಲಿ ತೋರಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ತಾನೇ ಇದನ್ನು ಉಸಿರಾಡಿ, ತನ್ನ ಮೈಯಲ್ಲಾಗುವ ಬದಲಾವಣೆಗಳನ್ನು ಬರೆದಿಟ್ಟ. ಕಲ್ಲಿದ್ದಲ ಗಣಿಗಳಿಗೆ ಪಂಜರದ ಕ್ಯಾನರಿ ಹಕ್ಕಿ ಒಯ್ಯುವ ಪದ್ಧತಿ ಅವನ ಸಲಹೆಯಿಂದ ಬಂತು. ಪುಟ್ಟ ಹಕ್ಕಿಯ ಉಸಿರಾಟ ವೇಗವಾದ್ದರಿಂದ ಮನುಷ್ಯನಿಗಿಂತ ಮೊದಲು ಅದು ಸೋಲುತ್ತದೆ. ಬ್ರಿಟನ್ನಿನಲ್ಲಿ ಈ ಪದ್ಧತಿ ಕೊನೆಗೊಂಡದ್ದು 1986ರಲ್ಲಿ. ಹಕ್ಕಿಯ ಜಾಗಕ್ಕೆ ವಿದ್ಯುನ್ಮಾನ ಯಂತ್ರ ಬಂತು.

ಈಗಿನ ಹೆಚ್ಚಿನ ಮನೆ ಅಲಾರಂಗಳಲ್ಲಿರುವುದು ವಿದ್ಯುತ್-ರಾಸಾಯನಿಕ ಸೆನ್ಸರ್. ಒಳಗೊಂದು ಸಣ್ಣ ಕೋಶ. ಅದರ ವಿದ್ಯುದ್ವಾರದ ಮೇಲೆ ಕಾರ್ಬನ್ ಮಾನಾಕ್ಸೈಡ್ ನೀರಿನೊಡನೆ ಸೇರಿ ಡೈಆಕ್ಸೈಡ್ ಆಗುವಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅನಿಲ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಅಲಾರಂ ಅದನ್ನು ಅಳೆದು, ಎಷ್ಟು ಹೊತ್ತಿನಿಂದ ಇದೆ ಎಂಬುದನ್ನೂ ಲೆಕ್ಕ ಹಿಡಿದು ಕೂಗುತ್ತದೆ. ಯುರೋಪಿನ ಇಎನ್ 50291 ಮಾನದಂಡದಂತೆ 10 ಲಕ್ಷಕ್ಕೆ 50 ಭಾಗ ಇದ್ದರೆ 60ರಿಂದ 90 ನಿಮಿಷದಲ್ಲಿ, 100 ಭಾಗ ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಭಾಗ ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಅಮೆರಿಕದ ಯುಎಲ್ 2034 ಮಾನದಂಡ ತುಸು ಸಡಿಲ: 70 ಭಾಗಕ್ಕೆ 1ರಿಂದ 4 ಗಂಟೆ, 400 ಭಾಗಕ್ಕೆ 4ರಿಂದ 15 ನಿಮಿಷ. ಒಗ್ಗರಣೆ ಹಾಕಿದಾಗಲೆಲ್ಲ ಕೂಗದಿರಲೆಂದೇ ಈ ಕಾಲದ ಲೆಕ್ಕ. 1994ರಲ್ಲಿ ಷಿಕಾಗೋ ನಗರ ಮನೆಗಳಲ್ಲಿ ಅಲಾರಂ ಕಡ್ಡಾಯ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಗರದ ಹೊಗೆ ನೆಲಮಟ್ಟದಲ್ಲೇ ನಿಂತಾಗ ಸಾವಿರಾರು ಅಲಾರಂಗಳು ಕೂಗಿ ಅಗ್ನಿಶಾಮಕ ದಳ ಕಂಗಾಲಾಯಿತು. ಯುಎಲ್ ಮಾನದಂಡ ತಿದ್ದಿದ್ದು ಆ ಅನುಭವದ ಮೇಲೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಎರಡರಲ್ಲಿ ಒಂದು ಮಾನದಂಡದ ಗುರುತು ಇದೆಯೇ ಎಂದು ನೋಡಬೇಕು. ಗುರುತಿಲ್ಲದ ಅಗ್ಗದ ಡಬ್ಬಿ ಸುಳ್ಳು ಧೈರ್ಯ ಕೊಡುತ್ತದೆ, ಅದಿಲ್ಲದಿರುವುದೇ ವಾಸಿ.

ಎಲ್ಲಿ ಇಡಬೇಕು

ಮೊದಲನೆಯ ಅಲಾರಂ ಮಲಗುವ ಕೋಣೆಗೆ, ದಿಂಬಿನಿಂದ ಕೇಳಿಸುವ ದೂರದಲ್ಲಿ, ಹೆಚ್ಚುಕಡಿಮೆ ಮಲಗಿದವರ ಉಸಿರಿನ ಎತ್ತರದಲ್ಲಿ. ಎರಡನೆಯದು ಬೆಂಕಿ ಇರುವ ಕೋಣೆಗೆ, ಒಲೆ ಅಥವಾ ಹೀಟರಿನಿಂದ 1ರಿಂದ 3 ಮೀಟರ್ ದೂರದಲ್ಲಿ. ಪರದೆಯ ಹಿಂದೆ, ಬೀರುವಿನೊಳಗೆ, ಕಿಟಕಿಯ ಪಕ್ಕ, ಫ್ಯಾನಿನಡಿ ಇಡಬಾರದು. ಅಡುಗೆ ಅನಿಲ ಭಾರವಾದ್ದರಿಂದ ಅದರ ಡಿಟೆಕ್ಟರನ್ನು ನೆಲದ ಹತ್ತಿರ ಹಾಕುತ್ತಾರೆ. ಇದನ್ನು ಹಾಗೆ ನೆಲಕ್ಕೆ ಹಾಕಬಾರದು.

ಸ್ನಾನಗೃಹದೊಳಗೆ ಹಬೆಯಿಂದ ಸೆನ್ಸರ್ ಕೆಡುತ್ತದೆ. ಹೊರಗಿಟ್ಟರೆ ಒಳಗಿನ ವಿಷ ಅದನ್ನು ಮುಟ್ಟುವ ಹೊತ್ತಿಗೆ ಸ್ನಾನಕ್ಕೆ ಹೋದವರು ಬಿದ್ದಿರಬಹುದು. ಆದ್ದರಿಂದ ಗ್ಯಾಸ್ ಗೀಸರ್ ವಿಷಯದಲ್ಲಿ ಅಲಾರಂ ಪರಿಹಾರವಲ್ಲ. ಗೀಸರನ್ನೂ ಸಿಲಿಂಡರನ್ನೂ ಹೊರಗೋಡೆಗೆ, ಬಯಲು ಗಾಳಿಗೆ ಹಾಕಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಹಳೆಯ ಹಂಡೆ ಒಲೆಯ ಬಾಯಿಯನ್ನು ಹೊರಗಿಟ್ಟವರು ಇದನ್ನು ಯಾವ ರಸಾಯನಶಾಸ್ತ್ರ ಓದದೆಯೂ ಮಾಡಿದ್ದರು.

ಕೊಡಗಿಗೆ ವಿಶೇಷವಾದ ಕೆಲವು ತೊಡಕುಗಳಿವೆ. ಮಳೆಗಾಲದಲ್ಲಿ ಗೋಡೆ ಬೆವರಿ ಬೂಷ್ಟು ಹಿಡಿಯುವಷ್ಟು ತೇವ ಇರುತ್ತದೆ. ಬಹುಪಾಲು ಸೆನ್ಸರ್‌ಗಳು ನೀರು ಹನಿಗಟ್ಟುವ ತೇವವನ್ನು ತಾಳವು, ಆದ್ದರಿಂದ ಹೊರಗೋಡೆಗಿಂತ ಒಳಗೋಡೆ ಮೇಲು. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಬ್ಯಾಟರಿಯ ಅಲಾರಂ ಬೇಕು. ಇನ್ವರ್ಟರ್ ಪಕ್ಕವಂತೂ ಕೂಡದು: ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಸೆನ್ಸರ್ ಅದನ್ನೂ ಕಾರ್ಬನ್ ಮಾನಾಕ್ಸೈಡ್ ಎಂದೇ ಓದಿ ಕೂಗಬಹುದು. ಎರಡು ಬಾರಿ ಸುಮ್ಮನೆ ಕೂಗಿದ ಅಲಾರಂನ ಬ್ಯಾಟರಿಯನ್ನು ಮೂರನೆಯ ಸಲ ಯಾರಾದರೂ ತೆಗೆದೇ ತೆಗೆಯುತ್ತಾರೆ.

ಕಾಫಿ ನಾಡಿನಲ್ಲಿ ಇನ್ನೊಂದು ಮಾತನ್ನೂ ತಿಳಿದಿರಬೇಕು. ಹುರಿದ ಕಾಫಿ ಬೀಜ ಗಂಟೆಗಟ್ಟಲೆ, ದಿನಗಟ್ಟಲೆ ಅನಿಲ ಬಿಡುತ್ತಿರುತ್ತದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಜೊತೆ ಕಾರ್ಬನ್ ಮಾನಾಕ್ಸೈಡೂ ಇದೆ. ಪುಡಿ ಮಾಡಿದಾಗ ಒಮ್ಮೆಗೇ ಹೊರಬರುತ್ತದೆ. ಅಡುಗೆಮನೆಯ ಡಬ್ಬಿಯಿಂದ ಏನೂ ಆಗದು. ಮನೆಯ ಹಿಂದಿನ ಮುಚ್ಚಿದ ಕೋಣೆಯಲ್ಲಿ ಹುರಿದು, ಮೂಟೆಗಟ್ಟಲೆ ಸಂಗ್ರಹಿಸಿ, ಪುಡಿಮಾಡಿ ಮಾರುವ ಸಣ್ಣ ರೋಸ್ಟರ್‌ಗಳಿಗೆ ಇದು ನಿಜವಾದ ವಿಷಯ. ಅಲ್ಲಿ ಗಾಳಿಯೂ ಬೇಕು, ಅಲಾರಂ ಕೂಡ ಬೇಕು.

ಕೂಗಿದಾಗ

ನಾಲ್ಕು ಸಲ ಕೂಗಿ, ನಿಲ್ಲಿಸಿ, ಮತ್ತೆ ನಾಲ್ಕು ಸಲ ಕೂಗಿದರೆ ಅನಿಲ ಇದೆ ಎಂದು ಅರ್ಥ. ನಿಮಿಷಕ್ಕೊಮ್ಮೆ 'ಟಿಕ್' ಎಂದರೆ ಬ್ಯಾಟರಿ ಮುಗಿದಿದೆ ಅಥವಾ ಅಲಾರಂನ ಆಯುಸ್ಸು ತೀರಿದೆ. ಕೂಗಿದ ಕೂಡಲೇ ಎಲ್ಲರೂ ಹೊರಗೆ ಬರಬೇಕು, ಮಳೆ ಇದ್ದರೂ. ದಾರಿಯಲ್ಲಿ ಕೈಗೆ ಸಿಗುವ ಬಾಗಿಲು ಕಿಟಕಿ ತೆರೆಯುತ್ತ ಬರಬಹುದು, ಅದಕ್ಕಾಗಿ ಒಳಗೆ ಉಳಿಯಬಾರದು. ಸ್ನಾನಗೃಹದಲ್ಲಿ ಯಾರಾದರೂ ಬಿದ್ದಿದ್ದರೆ ಬಾಗಿಲು ಒಡೆದು ಗಾಳಿ ಆಡಲು ಬಿಟ್ಟು, ಉಸಿರು ಬಿಗಿಹಿಡಿದು ಎಳೆದು ತರಬೇಕು; ಕಾಪಾಡಲು ಒಳಹೋದವರೂ ಅಲ್ಲೇ ಬಿದ್ದ ಉದಾಹರಣೆಗಳಿವೆ. ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112, ಅಡುಗೆ ಅನಿಲದ ವಾಸನೆ ಇದ್ದರೆ 1906.

ಆಸ್ಪತ್ರೆಯಲ್ಲಿ ಕೊಡುವ ಮದ್ದು ಶುದ್ಧ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕಾದರೆ, ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಅದರ ಬೆಳಕಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುವುದರಿಂದ, ಸಾಯುತ್ತಿರುವವರ ಬೆರಳಲ್ಲೂ 98 ತೋರಿಸಬಹುದು. ಆದ್ದರಿಂದ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಆ ಸಂಖ್ಯೆಯಲ್ಲ; 'ಗ್ಯಾಸ್ ಗೀಸರ್ ಇದ್ದ ಸ್ನಾನಗೃಹ', 'ಕೆಂಡ ಇಟ್ಟ ಕೋಣೆ' ಎಂಬ ಒಂದು ಮಾತು. ಚೇತರಿಸಿಕೊಂಡವರಿಗೆ ಕೆಲವು ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಡಕು ಕಾಣಿಸಿಕೊಳ್ಳುವುದೂ ಉಂಟು, ಮತ್ತೆ ತೋರಿಸಬೇಕು.

ಕಾನೂನು ಮತ್ತು ಹೋಂಸ್ಟೇ

ಇಂಗ್ಲೆಂಡಿನಲ್ಲಿ 2015ರ ನಿಯಮ ಬಾಡಿಗೆ ಮನೆಗಳಲ್ಲಿ ಕಟ್ಟಿಗೆ, ಕಲ್ಲಿದ್ದಲಿನಂಥ ಘನ ಉರುವಲು ಉರಿಸುವ ಕೋಣೆಗಳಿಗೆ ಅಲಾರಂ ಕಡ್ಡಾಯ ಮಾಡಿತು. 2022ರ ಅಕ್ಟೋಬರ್ 1ರಿಂದ, ಅಡುಗೆಯ ಗ್ಯಾಸ್ ಒಲೆ ಬಿಟ್ಟು ಬೇರಾವ ಉರುವಲಿನ ಉಪಕರಣ ಕೂರಿಸಿದ್ದರೂ ಆ ವಾಸದ ಕೋಣೆಗೆ ಅಲಾರಂ ಬೇಕೆಂದು ಬಿಗಿಯಾಯಿತು. ಭಾರತದಲ್ಲಿ ಮನೆಗಳಿಗೆ ಇಂಥ ಕಡ್ಡಾಯವಿಲ್ಲ. ಇಲ್ಲಿನ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡ 2009ರಲ್ಲಿ ಕಾರ್ಬನ್ ಮಾನಾಕ್ಸೈಡಿಗೆ 8 ಗಂಟೆಯ ಸರಾಸರಿಯಾಗಿ ಘನ ಮೀಟರಿಗೆ 2 ಮಿಲಿಗ್ರಾಂ ಮಿತಿ ಹಾಕಿದೆ. ಆದರೆ ಅದು ಬೀದಿಯ ಗಾಳಿಗೆ, ಚಿಲಕ ಹಾಕಿದ ಸ್ನಾನಗೃಹಕ್ಕಲ್ಲ.

ಎಲ್ಲ ಮನೆಗೂ ಒಮ್ಮೆಗೇ ನಿಯಮ ಬರುವುದು ಕಷ್ಟ. ಹೋಂಸ್ಟೇಗಳಿಂದ ಶುರುಮಾಡುವುದು ಸಾಧ್ಯ, ನ್ಯಾಯವೂ ಹೌದು. ಮನೆಯವರಿಗೆ ತಮ್ಮ ಗೀಸರಿನ ಸ್ವಭಾವ ಗೊತ್ತು, ಮಳೆಗೆ ಉಬ್ಬಿ ತೆರೆಯದ ಕಿಟಕಿ ಯಾವುದೆಂದು ಗೊತ್ತು. ರಾತ್ರಿ ಹತ್ತಕ್ಕೆ ಬಂದಿಳಿದ ಅತಿಥಿಗೆ ಇದಾವುದೂ ಗೊತ್ತಿಲ್ಲ. ಹೋಂಸ್ಟೇ ನೋಂದಣಿ ಮಾಡುವ ಪ್ರವಾಸೋದ್ಯಮ ಇಲಾಖೆ, ಗೀಸರ್ ಹೊರಗೋಡೆಯಲ್ಲಿದೆಯೇ, ಕೋಣೆಗೊಂದು ಅಲಾರಂ ಇದೆಯೇ ಎಂಬ ಎರಡು ಸಾಲನ್ನು ತಪಾಸಣೆಗೆ ಸೇರಿಸಿದರೆ ಖರ್ಚು ಕೋಣೆಗೆ ಕೆಲವು ಸಾವಿರ ರೂಪಾಯಿ ಮೀರದು. ತೋಟದ ಮಾಲೀಕರು ಲೈನ್ ಮನೆಗಳಿಗೂ ಇದನ್ನೇ ಮಾಡಬಹುದು. ಅಲ್ಲಿ ಮಲಗುವವರು ತಾವಾಗಿ ಅಲಾರಂ ಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ.

ಹಾಕಿಸಿದ ಮೇಲೆ ವಾರಕ್ಕೊಮ್ಮೆ ಗುಂಡಿ ಒತ್ತಿ ನೋಡಬೇಕು. ಗುಂಡಿ ಒತ್ತಿದಾಗ ಪರೀಕ್ಷೆಯಾಗುವುದು ಬ್ಯಾಟರಿ ಮತ್ತು ದನಿ ಮಾತ್ರ, ಸೆನ್ಸರ್ ಅಲ್ಲ. ಸೆನ್ಸರ್‌ನ ಆಯುಸ್ಸು ಮಾದರಿಗೆ ತಕ್ಕಂತೆ 5ರಿಂದ 10 ವರ್ಷ. ಡಬ್ಬಿಯ ಬೆನ್ನಿನ ಮೇಲೆ ಬದಲಿಸಬೇಕಾದ ವರ್ಷವನ್ನು ಅಚ್ಚು ಹಾಕಿರುತ್ತಾರೆ. ಡಬ್ಬಿಯನ್ನು ಗೋಡೆಗೆ ಸಿಕ್ಕಿಸುವ ಮೊದಲು ಆ ವರ್ಷವನ್ನು ಪೆನ್ನಿನಿಂದ ಮುಂಭಾಗದ ಮೇಲೂ ಬರೆದಿಟ್ಟರೆ, ಮನೆಯವರು ಬಿಟ್ಟರೂ ಅತಿಥಿಯ ಕಣ್ಣಿಗಾದರೂ ಬೀಳುತ್ತದೆ.